ಕೋಶ ಓದಿದರಷ್ಟೇ ಸಾಲದು, ಬರೆಯಲೂ ಬೇಕು

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶ ಸುತ್ತುವುದು ನಮ್ಮಂಥ ಗೃಹಿಣಿಯರಿಗೆ ಎಲ್ಲಿ ಆಗುತ್ತದೆ, ಹೇಳಿ? ತವರುಮನೆ, ಅತ್ತೆಮನೆ, ವರ್ಷಕ್ಕೊಂದೆರಡು ಜಾತ್ರೆ, ನಾಲ್ಕಾರು ಮದುವೆ. ಅಲ್ಲಿಗೆ ನಮ್ಮ ದೇಶ ಮುಗಿಯಿತು. ಕೋಶವನ್ನಾದರೂ ಓದೋಣವೆಂದು ಕೂತರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ! ಹೀಗಿರುವಾಗ ನಮ್ಮ ಮನೆಯಲ್ಲಿ ಕೋಶ ಓದುವುದಷ್ಟೇ ಅಲ್ಲ, ಕೋಶ ಬರೆಯುವ ಕೆಲಸವೇ ನಡೆಯಿತೆಂದರೆ ನಂಬುತ್ತೀರಾ? ಅದೂ ಕಾಲೇಜಿನ ಪಾಠದ ಭಾಗವಾಗಿ, ಅಂಕಗಳಿಗಾಗಿ!

ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ನಾಳೆ ಇಂಥದೇ ಕೆಲಸ ನಿಮ್ಮ ಮನೆಗೂ ಬಂದೀತು. ನಾನು ಪಟ್ಟ ಗಲಿಬಿಲಿ ನೀವು ಪಡಬಾರದು, ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನೇನೂ ಹೆಚ್ಚು ಓದಿದವಳಲ್ಲ. ಹುಟ್ಟಿದ್ದು ಇಂಡಿಯಲ್ಲಿ, ಕೊಟ್ಟದ್ದು ಬಸವನ ಬಾಗೇವಾಡಿಗೆ. ಅಕ್ಕ ಸಿಂದಗಿಯ ಸೊಸೆ, ನಾದಿನಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು.

ಯಾವುದು ಈ ಕೋಶ?

ಮೊಬೈಲಿನಲ್ಲಿ ಒಂದು ಊರಿನ ಹೆಸರನ್ನೋ ಕವಿಯ ಹೆಸರನ್ನೋ ಹುಡುಕಿದರೆ ಮೊದಮೊದಲೇ ‘ವಿಕಿಪೀಡಿಯ’ ಎಂಬ ಹೆಸರು ಬರುವುದನ್ನು ನೀವು ನೋಡಿರಬಹುದು. ಅದೇ ಈ ಕೋಶ. ಇಂಗ್ಲಿಷಿನಲ್ಲಿ ಅದು 2001ರ ಜನವರಿಯಲ್ಲಿ ಶುರುವಾಯಿತು. ಕನ್ನಡದ್ದು 2003ರ ಜೂನ್‌ನಲ್ಲಿ ಹುಟ್ಟಿತು. ಈಗ ಕನ್ನಡದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ.

ಕನ್ನಡಕ್ಕೆ ವಿಶ್ವಕೋಶವೇನೂ ಹೊಸದಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು 1936ರಲ್ಲೇ ತಂದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳು ಬಂದವು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದು, ಮುಂದೆ ಒಟ್ಟು 14 ಸಂಪುಟಗಳಾದವು. ಅವನ್ನೆಲ್ಲ ಬರೆದವರು ದೊಡ್ಡ ವಿದ್ವಾಂಸರು. ಆದರೆ ಒಂದು ತಪ್ಪು ಉಳಿದರೆ, ಒಂದು ಸಂಗತಿ ಹಳತಾದರೆ ಮತ್ತೆ ಅಚ್ಚಾಗುವವರೆಗೂ ಕಾಯಬೇಕು. ವಿಕಿಪೀಡಿಯ ಹಾಗಲ್ಲ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಯಾರಿಗೂ ಸಂಬಳವಿಲ್ಲ. ಓದುವವರು ದುಡ್ಡು ಕೊಡಬೇಕಾಗಿಯೂ ಇಲ್ಲ.

“ಯಾರು ಬೇಕಾದರೂ ಬರೆದರೆ ಅದನ್ನು ನಂಬುವುದು ಹೇಗೆ?” ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಅದಕ್ಕೆ ಕಟ್ಟುನಿಟ್ಟಿನ ಮೂರು ನಿಯಮಗಳಿವೆ. ಒಂದು, ಬರೆದ ಮಾತಿಗೆ ಅಚ್ಚಾದ ಆಧಾರ ಬೇಕು: ಯಾವ ಪುಸ್ತಕ, ಯಾವ ಪತ್ರಿಕೆ, ಎಷ್ಟನೆಯ ಪುಟ ಎಂದು ಕೆಳಗೆ ತೋರಿಸಬೇಕು. ಎರಡು, ಬರೆಯುವುದು ಸ್ವಂತ ಮಾತಿನಲ್ಲಿರಬೇಕು. ಬೇರೆಯವರ ಬರಹವನ್ನು ಎತ್ತಿ ಹಾಕಕೂಡದು. ಮೂರು, ಯಾರ ಪಕ್ಷವನ್ನೂ ವಹಿಸಬಾರದು. ಹೊಗಳಿಕೆ, ತೆಗಳಿಕೆ ಎರಡೂ ಬೇಡ. ಪ್ರತಿ ಪುಟದ ಮೇಲೂ ‘ಇತಿಹಾಸ’ ಎಂಬ ಒಂದು ಕಡೆ ಒತ್ತಿದರೆ ಯಾವ ದಿನ, ಎಷ್ಟು ಗಂಟೆಗೆ, ಯಾರು ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ಕಾಣುತ್ತದೆ. ಭಿನ್ನಾಭಿಪ್ರಾಯ ಬಂದರೆ ‘ಚರ್ಚೆ’ಯ ಪುಟದಲ್ಲಿ ಮಾತಾಡಿಕೊಳ್ಳಬೇಕು. ಕನ್ನಡ ವಿಕಿಪೀಡಿಯದವರು ಎಲ್ಲರೂ ಕೂಡಿ ಮಾತಾಡುವ ಜಾಗಕ್ಕೆ ಇಟ್ಟ ಹೆಸರೇನು ಗೊತ್ತೇ? ‘ಅರಳಿಕಟ್ಟೆ’! ಊರ ಹಿರಿಯರು ಕೂಡುವ ಕಟ್ಟೆಯಂತೆಯೇ ಇದು.

ಮಗಳು ಅತ್ತ ದಿನ

ನನ್ನ ಮಗಳು ಪದವಿಯ ಎರಡನೆಯ ವರ್ಷದಲ್ಲಿದ್ದಾಗ ಅವಳ ತರಗತಿಯವರಿಗೆಲ್ಲ ಕನ್ನಡ ಪಾಠದವರು ಒಂದು ಕೆಲಸ ಕೊಟ್ಟರು. ತಮ್ಮ ತಮ್ಮ ಊರು, ತಾಲೂಕು ಅಥವಾ ಊರಿಗೆ ಸಂಬಂಧಪಟ್ಟ ಒಂದು ವಿಷಯದ ವಿಕಿಪೀಡಿಯ ಪುಟವನ್ನು ಸುಧಾರಿಸಬೇಕು, ಆಂತರಿಕ ಪರೀಕ್ಷೆಯಲ್ಲಿ ಅದಕ್ಕೆ 10 ಅಂಕ. ಮಗಳು ತಿಂಗಳೆಲ್ಲ ನಾಳೆ ನಾಡಿದ್ದು ಎಂದು ಕಳೆದು, ಕೊನೆಯ ದಿನ ರಾತ್ರಿ ಕೂತು ಆಲಮಟ್ಟಿಯ ಬಗ್ಗೆ ಒಂದೂವರೆ ಪುಟ ಹಾಕಿ ಮಲಗಿದಳು. ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಳುವ ದನಿ ಕೇಳಿತು.

“ಅವ್ವಾ, ನಾ ಹಾಕಿದ್ದೆಲ್ಲಾ ಅಳಿಸಿಬಿಟ್ಟಾರ!”

“ಯಾರು? ನಿಮ್ಮ ಸರ್ ಏನ?”

“ಅಲ್ಲಬೇ, ಯಾರೋ ಗೊತ್ತಿಲ್ಲದವರು.”

ನನಗೆ ಸಿಟ್ಟು ಬಂತು. ಗೊತ್ತಿಲ್ಲದವರಿಗೆ ನನ್ನ ಮಗಳು ಬರೆದದ್ದನ್ನು ಅಳಿಸುವ ಅಧಿಕಾರ ಕೊಟ್ಟವರು ಯಾರು? ರೊಟ್ಟಿ ಅಲ್ಲಿಗೇ ಬಿಟ್ಟು ಹಿಟ್ಟಿನ ಕೈಯಲ್ಲೇ ಹೋಗಿ ಮೊಬೈಲು ನೋಡಿದೆ. ಅವಳ ಹೆಸರಿನ ಚರ್ಚೆಯ ಪುಟದಲ್ಲಿ ಎರಡೇ ಸಾಲು ಇತ್ತು. ನೀವು ಹಾಕಿದ್ದು ಬೇರೆ ಕಡೆಯ ಬರಹದ ನಕಲು, ಅದಕ್ಕೆ ತೆಗೆದಿದ್ದೇವೆ, ದಯವಿಟ್ಟು ನಿಮ್ಮ ಮಾತಿನಲ್ಲಿ ಆಧಾರ ಸಹಿತ ಬರೆಯಿರಿ ಎಂಬುದು ಅದರ ತಾತ್ಪರ್ಯ. ಬೈಗುಳವಿರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು.

“ಖರೇ ಹೇಳು. ಎಲ್ಲಿಂದ ಬರದಿ?” ಎಂದೆ.

“ಒಂದ ಕಡೆ ಇತ್ತು. ಎತ್ತಿ ಹಾಕೀನಿ. ಎಲ್ಲಾರೂ ಹಂಗ ಮಾಡ್ತಾರಬೇ” ಎಂದು ಕಣ್ಣು ಒರೆಸಿಕೊಂಡಳು.

ಎಲ್ಲರೂ ಹಾಗೆ ಮಾಡುತ್ತಾರೆ! ತಾಯಂದಿರೇ, ಈ ಮಾತನ್ನು ನೀವೂ ಕೇಳಿರಬೇಕು. ಮೊಸರಿಗೆ ಹೆಪ್ಪು ಬೇಕೆಂದರೆ ನೆರೆಮನೆಯಿಂದ ಒಂದು ಚಮಚ ತರುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಹಾಲು ನಮ್ಮದಿರಬೇಕು. ನೆರೆಮನೆಯ ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಬಂದು ನಾನು ಮಾಡಿದ್ದು ಎಂದರೆ ಅದಕ್ಕೆ ಏನೆನ್ನುತ್ತಾರೆ? ಮಗಳಿಗೆ ಅಂದು ಇಷ್ಟೇ ಹೇಳಿದೆ.

ಪುಣೆಯಲ್ಲಿ ಕೆಟ್ಟದ್ದು, ಕೆನಡಾದಲ್ಲಿ ಗೆದ್ದದ್ದು

ಆಮೇಲೆ ತಿಳಿಯಿತು, ಇದು ನನ್ನ ಮಗಳೊಬ್ಬಳ ತಪ್ಪಲ್ಲ. ವಿದ್ಯಾರ್ಥಿಗಳಿಂದ ವಿಕಿಪೀಡಿಯ ಬರೆಸುವ ಪ್ರಯತ್ನ ನಮ್ಮ ದೇಶದಲ್ಲಿ ದೊಡ್ಡದಾಗಿ ಆರಂಭವಾದದ್ದು 2011ರಲ್ಲಿ, ಪುಣೆಯ ಕೆಲವು ಕಾಲೇಜುಗಳಲ್ಲಿ. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಏಕಕಾಲಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯುವ ಕೆಲಸ ಕೊಟ್ಟರು. ಬಹಳ ಮಂದಿ ಪುಸ್ತಕಗಳಿಂದಲೂ ಬೇರೆ ಕಡೆಗಳಿಂದಲೂ ಸಾಲು ಸಾಲಾಗಿ ಎತ್ತಿ ಹಾಕಿದರು. ದೂರದೇಶಗಳಲ್ಲಿ ಕೂತ ಸ್ವಯಂಸೇವಕರು ಅವನ್ನೆಲ್ಲ ಹುಡುಕಿ ತೆಗೆಯುವುದರಲ್ಲಿ ಹಣ್ಣಾದರು. ಕೊನೆಗೆ ಅದೇ ವರ್ಷ ಆ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಇದರಲ್ಲಿ ಹುಡುಗರನ್ನಷ್ಟೇ ದೂರುವುದು ಸರಿಯಲ್ಲ. ನಕಲು ಎಂದರೇನು, ಆಧಾರ ತೋರಿಸುವುದೆಂದರೇನು ಎಂದು ಮೊದಲು ಕೂಡಿಸಿಕೊಂಡು ಕಲಿಸದೆ ಕೆಲಸ ಕೊಟ್ಟರೆ ಇನ್ನೇನಾದೀತು?

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. 2008ರಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಜಾನ್ ಬೀಸ್ಲಿ-ಮರ್ರೆ ಎಂಬ ಅಧ್ಯಾಪಕರು ಲ್ಯಾಟಿನ್ ಅಮೆರಿಕದ ಕಾದಂಬರಿಗಳ ಪಾಠ ಮಾಡುತ್ತಿದ್ದರು. ಪ್ರಬಂಧ ಬರೆಸಿ, ಅಂಕ ಹಾಕಿ, ಕಟ್ಟಿಡುವುದಕ್ಕಿಂತ ಆ ಕಾದಂಬರಿಗಳ ವಿಕಿಪೀಡಿಯ ಲೇಖನಗಳನ್ನೇ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿದರು. ಲೇಖನ ವಿಕಿಪೀಡಿಯದವರೇ ಪರೀಕ್ಷಿಸಿ ಮೆಚ್ಚುವ ದರ್ಜೆಗೆ ಏರಬೇಕು ಎಂಬುದೇ ಗುರಿ. ಹುಡುಗರು ಬರೆದರು, ಅಲ್ಲಿನ ಹಳಬರು ತಪ್ಪು ತೋರಿಸಿದರು, ಮತ್ತೆ ಗ್ರಂಥಾಲಯಕ್ಕೆ ಓಡಿದರು, ಮತ್ತೆ ತಿದ್ದಿದರು. ಆ ಒಂದೇ ತರಗತಿಯ ಮೂರು ಲೇಖನಗಳು ಅತ್ಯುತ್ತಮ ಎಂಬ ದರ್ಜೆಗೆ ಏರಿದವು. ಕೆಲಸ ಎರಡೂ ಕಡೆ ಒಂದೇ. ತಿದ್ದಿ ತಿದ್ದಿ ಬರೆಯಲು ಸಮಯ ಕೊಟ್ಟ ಕಡೆ ಮಾತ್ರ ಅದು ಫಲಿಸಿತು, ಅಲ್ಲವೇ?

ನಮ್ಮ ಕನ್ನಡದಲ್ಲಿ? ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಎರಡನೆಯ ಭಾಷೆಯಾಗಿ ಕನ್ನಡ ಓದುವ ವಿದ್ಯಾರ್ಥಿಗಳು ಆಂತರಿಕ ಮೌಲ್ಯಮಾಪನದ ಭಾಗವಾಗಿ ಕನ್ನಡ ವಿಕಿಪೀಡಿಯಕ್ಕೆ ಬರೆಯತೊಡಗಿದರು. ಹಿಂದಿ, ಸಂಸ್ಕೃತ, ತಮಿಳು, ಉರ್ದು ಓದುವವರು ಆಯಾ ಭಾಷೆಯಲ್ಲಿ ಬರೆದರು. ಮುಂದೆ ಮೂಡುಬಿದಿರೆಯ ಆಳ್ವಾಸ್ ಕಾಲೇಜು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳಲ್ಲಿಯೂ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೂಡಿಕೊಂಡರು. ಎಲ್ಲರೂ ಒಂದೆಡೆ ಕೂತು ಬರೆಯುವುದಕ್ಕೆ ‘ಸಂಪಾದನೋತ್ಸವ’ ಎಂಬ ಚೆಂದದ ಹೆಸರೂ ಇದೆ. ಬೆಂಗಳೂರು, ಮಂಗಳೂರಿನ ಮಕ್ಕಳು ತಮ್ಮ ಕಡೆಯದನ್ನು ಬರೆದುಕೊಂಡರು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯದನ್ನು ನಾವಲ್ಲದೆ ಇನ್ನಾರು ಬರೆಯಬೇಕು?

ಮನೆ ಬೇರೆಯಾದ ಮೇಲೆ ಹಳೆಯ ರೇಷನ್ ಕಾರ್ಡು

ಅಳಿಸಿದವರು ಬಾಗಿಲು ಮುಚ್ಚಿರಲಿಲ್ಲ. ಮಗಳು ಪಾಠದವರ ಹತ್ತಿರ ಹೋಗಿ ನಡೆದದ್ದನ್ನು ಹೇಳಿ ಮೂರು ವಾರದ ಅವಕಾಶ ಕೇಳಿಕೊಂಡಳು. ಈ ಸಲ ಪುಸ್ತಕ ಹುಡುಕುವ ಕೆಲಸದಲ್ಲಿ ನಾನೂ ಜೊತೆಯಾದೆ. ಆಗ ಗೊತ್ತಾಯಿತು, ನಮ್ಮ ನಾಲ್ಕು ತಾಲೂಕುಗಳ ಬಗ್ಗೆ ಹಳೆಯ ಪುಸ್ತಕಗಳಲ್ಲಿ ಇರುವುದು ಈಗ ಎಷ್ಟು ಬದಲಾಗಿದೆ ಎಂದು.

ಜಿಲ್ಲೆಯ ಹೆಸರೇ ಬದಲಾಗಿದೆ. 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವಾಯಿತು. 2018ರಿಂದ ಹೊಸ ತಾಲೂಕುಗಳು ಒಂದೊಂದಾಗಿ ಬಂದವು. ಇಂಡಿಯಿಂದ ಚಡಚಣ ಬೇರೆಯಾಯಿತು. ಸಿಂದಗಿಯಿಂದ ದೇವರ ಹಿಪ್ಪರಗಿ, ಆಮೇಲೆ ಆಲಮೇಲ. ಮುದ್ದೇಬಿಹಾಳದಿಂದ ತಾಳಿಕೋಟೆ. ನಮ್ಮ ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ. ಹಳೆಯ ಪುಸ್ತಕಗಳಲ್ಲಿ ಆಲಮಟ್ಟಿ ಬಸವನ ಬಾಗೇವಾಡಿ ತಾಲೂಕಿನ ಊರು. ಈಗ ಅದು ನಿಡಗುಂದಿ ತಾಲೂಕು. ಮಗಳು ಮೊದಲ ಸಲ ಎತ್ತಿ ಹಾಕಿದ್ದ ಬರಹದಲ್ಲಿ ಹಳೆಯ ತಾಲೂಕೇ ಇತ್ತು. ನಕಲು ಮಾಡಿದರೆ ಬೇರೆಯವರ ತಪ್ಪೂ ನಮ್ಮ ಹೆಸರಿಗೇ ಬರುತ್ತದೆ, ನೋಡಿ!

ಜನಸಂಖ್ಯೆಯದೂ ಹೀಗೆಯೇ. ಹೆಚ್ಚಿನ ಕಡೆ ಕೊಡುವುದು 2011ರ ಜನಗಣತಿಯ ಲೆಕ್ಕ. ಆಗ ತಾಲೂಕುಗಳು ಒಡೆದಿರಲಿಲ್ಲ. ಆ ಸಂಖ್ಯೆಯನ್ನು ತಂದು ಈಗಿನ ಸಣ್ಣ ತಾಲೂಕಿಗೆ ಹಚ್ಚಿದರೆ, ಅಣ್ಣತಮ್ಮಂದಿರು ಬೇರೆಯಾದ ಮೇಲೂ ಕೂಡುಕುಟುಂಬದ ಹಳೆಯ ರೇಷನ್ ಕಾರ್ಡನ್ನೇ ಒಬ್ಬನ ಮನೆಗೆ ತೋರಿಸಿದ ಹಾಗೆ!

ಇನ್ನೊಂದು ಸಂಗತಿ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಅಡಿಗಲ್ಲು ಹಾಕಿದರು ಎಂದು ನಾನು ಎಷ್ಟೋ ಸಲ ಕೇಳಿದ್ದೆ. ಮಗಳು ತಾರೀಖು ಹುಡುಕಿದಳು. ಅಡಿಗಲ್ಲು ಹಾಕಿದ್ದು 1964ರ ಮೇ 22. ಆಗ ನೆಹರೂ ಅವರು ಇನ್ನೂ ಬದುಕಿದ್ದರು, ಅವರೇ ಪ್ರಧಾನಿ. ಐದು ದಿನದ ಮೇಲೆ ಅವರು ತೀರಿಕೊಂಡರು. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9ರಂದು. ಅಡಿಗಲ್ಲಿನ ದಿನ ಅವರು ಕೇಂದ್ರದ ಮಂತ್ರಿ ಅಷ್ಟೇ. ಎರಡು ತಾರೀಖು ಅಕ್ಕಪಕ್ಕ ಇಟ್ಟು ನೋಡುವ ಈ ಬುದ್ಧಿ ಯಾವ ಗೈಡು ಓದಿದರೂ ಬರುವುದಿಲ್ಲ.

ಪಕ್ಷ ವಹಿಸಬಾರದೆಂಬ ನಿಯಮವೂ ಆಗಲೇ ಅರ್ಥವಾದದ್ದು. ಬಸವಣ್ಣನವರು ಹುಟ್ಟಿದ್ದು ನಮ್ಮ ಬಾಗೇವಾಡಿ ಎಂಬುದು ನಮಗೆಲ್ಲ ಹೆಮ್ಮೆ. ತಾಯಿಯ ತವರು ಇಂಗಳೇಶ್ವರದಲ್ಲಿ ಹುಟ್ಟಿದರು ಎಂದು ಹೇಳುವವರೂ ಇದ್ದಾರೆ. ಹುಟ್ಟಿದ ವರ್ಷವನ್ನು ಕೆಲವು ವಿದ್ವಾಂಸರು 1105 ಎಂದರೆ ಕೆಲವರು 1131 ಎನ್ನುತ್ತಾರೆ. ಮುದ್ದೇಬಿಹಾಳದ ನಾದಿನಿಯನ್ನು ಕೇಳಿದರೆ 1565ರ ಯುದ್ಧ ತಾಳಿಕೋಟೆಯದಲ್ಲ, ತಮ್ಮ ತಾಲೂಕಿನ ತಂಗಡಗಿ ಕಡೆಯದು ಎಂದು ವಾದಕ್ಕೇ ನಿಲ್ಲುತ್ತಾಳೆ! ಪುಸ್ತಕಗಳಲ್ಲಿ ಎರಡೂ ಹೆಸರುಗಳಿವೆ. ಕೋಶದಲ್ಲಿ ಬರೆಯುವಾಗ ನನ್ನದೇ ಸರಿ ಎನ್ನುವಂತಿಲ್ಲ. ಯಾರು ಏನು ಹೇಳಿದ್ದಾರೆ ಎಂದು ಎರಡನ್ನೂ ಬರೆದು ಆಧಾರ ಕೊಡಬೇಕು. ಮನೆಯಲ್ಲಿ ಜಗಳ ಬಿಡಿಸುವ ಹಿರಿಯ ಸೊಸೆಗೆ ಇದು ಹೊಸ ಪಾಠವೇನಲ್ಲ.

ಆಯಿಯ ಪ್ರಶ್ನೆ

ಮಗಳು ಆಲಮಟ್ಟಿಯ ಬಗ್ಗೆ ಬರೆಯುತ್ತಿದ್ದಾಳೆಂದು ಗೊತ್ತಾದ ಮೇಲೆ ನಮ್ಮ ಅತ್ತೆಯವರು ದಿನಾ ಸಂಜೆ ಅವಳ ಪಕ್ಕ ಬಂದು ಕೂಡತೊಡಗಿದರು. ಕಾರಣವಿತ್ತು. ಅವರ ತವರೂರು ಕೃಷ್ಣೆಯ ದಂಡೆಯ ಒಂದು ಸಣ್ಣ ಊರು. ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದಾಗ ಮುಳುಗಿ ಹೋಯಿತು. ಊರಿನ ಹನುಮಪ್ಪನ ಗುಡಿ, ಸಿಹಿನೀರಿನ ಬಾವಿ, ಬೀಸುವಾಗ ಹಾಡುತ್ತಿದ್ದ ಹಾಡು, ಮದುವೆಯಲ್ಲಿ ಮಾದಲಿ ಮಾಡುತ್ತಿದ್ದ ಬಗೆ ಎಲ್ಲವನ್ನೂ ಅವರು ಹೇಳಿದರು. ಮಗಳು ಬರೆದುಕೊಂಡಳು. ಒಂದು ನೋಟುಬುಕ್ಕೇ ತುಂಬಿತು. ಆದರೆ ಕೋಶದೊಳಗೆ ಅದನ್ನು ಹಾಕುವಂತಿರಲಿಲ್ಲ. ಅಚ್ಚಾದ ಆಧಾರ ಎಲ್ಲಿದೆ?

“ಅಂದ್ರ ನಾ ಹೇಳಿದ್ದು ಖೊಟ್ಟಿ ಏನ? ನೋಡಿದಾಕಿ ನಾನು, ಬುಕ್ಕ ಬರದವರು ನೋಡ್ಯಾರೇನ?” ಎಂದು ಅತ್ತೆ ಕೇಳಿದರು. ಮಗಳಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅವರು ಎರಡು ದಿನ ಮಾತೇ ಆಡಲಿಲ್ಲ.

ಸೋದರಿಯರೇ, ಈ ಪ್ರಶ್ನೆ ನಮ್ಮೆಲ್ಲರದು. ನಮ್ಮ ಹೆಂಗಸರಿಗೆ ಗೊತ್ತಿರುವುದು ಹೆಚ್ಚಿನದೂ ಬಾಯಿಯಲ್ಲಿದೆ, ಕೈಯಲ್ಲಿದೆ, ಅಚ್ಚಿನಲ್ಲಿಲ್ಲ. ವಿಕಿಪೀಡಿಯಕ್ಕೆ ಬರೆಯುವವರಲ್ಲಿ ಹೆಂಗಸರು ಹತ್ತಕ್ಕೆ ಒಬ್ಬರೋ ಇಬ್ಬರೋ ಎಂದು ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಬರೆಯುವವರೂ ನಾವಲ್ಲ, ಆಧಾರವೂ ನಮ್ಮದಿಲ್ಲ ಎಂದರೆ ಆ ಕೋಶದಲ್ಲಿ ನಮ್ಮ ಬದುಕು ಎಲ್ಲಿ ಬಂದೀತು? ಹಾಗೆಂದು ನಿಯಮ ತಪ್ಪು ಎನ್ನಲಾರೆ. ನಮ್ಮ ಆಯಿಯ ಮಾತು ಖರೆ ಎಂದು ಒಪ್ಪಿದರೆ, ಊರ ಮೇಲೆ ಸುಳ್ಳು ಹಬ್ಬಿಸುವವನ ಮಾತನ್ನೂ ಒಪ್ಪಬೇಕಾಗುತ್ತದೆ.

ದಾರಿ ತೋರಿಸಿದ್ದು ನನ್ನ ತವರಿನ ಕಡೆಯ ಒಂದು ಪುಸ್ತಕ. ಆಗ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ‘ಹಲಸಂಗಿ ಗೆಳೆಯರು’ ಎಂದೇ ಹೆಸರಾಗಿದ್ದರು. ಹಳ್ಳಿಯ ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡುತ್ತಿದ್ದ ತ್ರಿಪದಿಗಳನ್ನು ಈ ಗೆಳೆಯರು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ವಿಜಯಪುರದಲ್ಲೇ ಫ.ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ತಂದರು. ಇವರು ಅಂದು ಅಚ್ಚಿಗೆ ತಂದದ್ದರಿಂದಲೇ ಇಂದು ಯಾರಾದರೂ ಆ ಹಾಡು, ಆ ವಚನಗಳ ಬಗ್ಗೆ ಕೋಶದಲ್ಲಿ ಬರೆದರೆ ಅದು ನಿಲ್ಲುತ್ತದೆ. ಬಾಯಿಂದ ಅಚ್ಚಿಗೆ, ಅಚ್ಚಿನಿಂದ ಕೋಶಕ್ಕೆ. ಇದೇ ದಾರಿ. ನಡುವಿನ ಮೆಟ್ಟಿಲನ್ನು ಹಾರಿ ಹೋಗಲು ಬರುವುದಿಲ್ಲ.

ಊರಿಗಾದರೂ ಒಂದು ಆಧಾರ ಸಿಕ್ಕೀತೇ ಎಂದು ಮಗಳು ಗ್ರಂಥಾಲಯದಲ್ಲಿ ಹುಡುಕಿದಳು. 1966ರ ಬಿಜಾಪುರ ಜಿಲ್ಲಾ ಗ್ಯಾಸೆಟಿಯರಿನಲ್ಲಿ ಆ ಊರು ಇರಲಿಲ್ಲ. ಆಮೇಲೆ ಅಲ್ಲಿನವರೇ ಹಳೆಯ ಜನಗಣತಿಯ ಜಿಲ್ಲಾ ಕೈಪಿಡಿ ತೆಗೆದುಕೊಟ್ಟರು. ಅದರಲ್ಲಿ ತಾಲೂಕಿನ ಪ್ರತಿಯೊಂದು ಹಳ್ಳಿಯ ಹೆಸರೂ, ಅಲ್ಲಿದ್ದ ಮನೆ, ಜನರ ಲೆಕ್ಕವೂ ಇರುತ್ತದೆ. ಸಾಲು ಸಾಲು ಬೆರಳಿಟ್ಟು ನೋಡುತ್ತ ಹೋದಾಗ ಆಯಿಯ ತವರೂರು ಸಿಕ್ಕಿತು!

ಮನೆಗೆ ಬಂದು ಮೊಬೈಲಿನ ಫೋಟೋ ತೋರಿಸಿದಳು. ಅತ್ತೆಯವರಿಗೆ ಅಕ್ಷರ ಬರುವುದಿಲ್ಲ. ಮೊಮ್ಮಗಳು ಬೆರಳಿಟ್ಟು ತೋರಿಸಿದ ಸಾಲನ್ನು ಬಹಳ ಹೊತ್ತು ನೋಡಿದರು. “ಇದರಾಗ ನಮ್ಮ ಅಪ್ಪನೂ ಒಬ್ಬ ಅದಾನ ಹಂಗಾರ” ಎಂದರು.

ತಾಯಂದಿರು ಏನು ಮಾಡಬಹುದು?

ನಿಮ್ಮ ಮಕ್ಕಳಿಗೆ ಇಂಥ ಕೆಲಸ ಬಂದರೆ ಈ ಕೆಲವು ಸಲಹೆಗಳನ್ನು ನೆನಪಿಡಿ.

1. ಕೆಲಸ ಕೊಟ್ಟ ದಿನವೇ ಶುರು ಮಾಡಿಸಿ. ಕೊನೆಯ ರಾತ್ರಿಯ ಬರಹ ನಕಲಾಗುವುದೇ ಹೆಚ್ಚು.

2. ವಿಷಯ ಸಣ್ಣದಿರಲಿ. ಇಡೀ ಜಿಲ್ಲೆ ಬೇಡ. ಒಂದು ಊರು, ಒಂದು ಕೆರೆ, ಒಂದು ಗುಡಿ ಸಾಕು. ಹತ್ತು ಸರಿಯಾದ ಸಾಲು ಒಂದು ತಪ್ಪು ಪುಟಕ್ಕಿಂತ ಮೇಲು.

3. ಮೊದಲು ಎರಡು ಮೂರು ಪುಸ್ತಕ ಕೂಡಿಸಲಿ. ಓದಿ, ಪುಸ್ತಕ ಮುಚ್ಚಿ, ನಿಮಗೆ ಬಾಯಿಂದ ಹೇಳಲಿ. ಹೇಳಿದ್ದನ್ನೇ ಬರೆದರೆ ಅದು ಸ್ವಂತ ಮಾತಾಗುತ್ತದೆ. ನೀವು ಕಾಯಿಪಲ್ಯೆ ಸೋಸುತ್ತಲೇ ಕೇಳಬಹುದು.

4. ನೇರವಾಗಿ ಪುಟದ ಮೇಲೆ ಬರೆಯುವ ಮೊದಲು ‘ಪ್ರಯೋಗಪುಟ’ದಲ್ಲಿ ಬರೆದು ನೋಡಲಿ. ಅದು ಹೊಸಬರ ಅಭ್ಯಾಸಕ್ಕೆಂದೇ ಇರುವ ಜಾಗ. ಮನೆಯ ಮುಂದೆ ಹಾಕುವ ರಂಗೋಲಿಯನ್ನು ಮೊದಲು ಹಾಳೆಯ ಮೇಲೆ ಬಿಡಿಸಿ ನೋಡುವುದಿಲ್ಲವೇ, ಹಾಗೆ.

5. ಕೇಳಿದ್ದನ್ನೆಲ್ಲ ಬರೆದುಕೊಡುವ ಯಂತ್ರಗಳು ಈಗ ಮೊಬೈಲಿನಲ್ಲೇ ಇವೆ. ಅವು ನಯವಾಗಿ ಬರೆಯುತ್ತವೆ ನಿಜ. ಆದರೆ ಇಲ್ಲದ ಪುಸ್ತಕದ ಹೆಸರನ್ನೂ ಅಷ್ಟೇ ನಯವಾಗಿ ಹೇಳಿಬಿಡುತ್ತವೆ! ಪುಸ್ತಕವನ್ನು ಕಣ್ಣಿನಿಂದ ನೋಡದೆ ಆಧಾರವೆಂದು ಬರೆಯಲು ಬಿಡಬೇಡಿ.

6. ಅಡುಗೆಯ ಬಗ್ಗೆ ಬರೆಯುವುದಾದರೆ ಎಷ್ಟು ಬಟ್ಟಲು ಗೋದಿಹಿಟ್ಟು, ಎಷ್ಟು ಬೆಲ್ಲ ಎಂಬುದು ಕೋಶಕ್ಕೆ ಬೇಡ. ಅದು ಈ ಪತ್ರಿಕೆಯ ಅಡುಗೆ ಪುಟದ ಕೆಲಸ. ಮಾದಲಿ ಎಂದರೇನು, ಯಾವ ಸೀಮೆಯದು, ಯಾವ ಸಮಾರಂಭದಲ್ಲಿ ಬಡಿಸುತ್ತಾರೆ ಎಂಬುದು ಕೋಶಕ್ಕೆ ಬೇಕು.

7. ಫೋಟೋ ತಾವೇ ತೆಗೆದದ್ದಿರಲಿ. ಕೋಶಕ್ಕೆ ಕೊಟ್ಟ ಬರಹ, ಫೋಟೋಗಳನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಆದ್ದರಿಂದ ಮನೆಯವರ ಫೋಟೋ ಹಾಕುವ ಮೊದಲು ಹತ್ತು ಸಲ ಯೋಚಿಸಿ. ಹೆಣ್ಣುಮಕ್ಕಳು ತಮ್ಮ ಫೋನ್ ನಂಬರು, ಮನೆಯ ವಿಳಾಸ ಹಾಕಕೂಡದು. ನಿಜವಾದ ಹೆಸರೇ ಬೇಕೆಂಬ ನಿಯಮವೂ ಇಲ್ಲ.

8. ಬರೆದದ್ದನ್ನು ಯಾರಾದರೂ ತೆಗೆದರೆ ಜಗಳಕ್ಕೆ ಹೋಗದೆ ಚರ್ಚೆಯ ಪುಟದಲ್ಲಿ ಕಾರಣ ಕೇಳಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮನೆಯ ಹಿರಿಯರ ಮಾತನ್ನು ತಾರೀಖು ಹಾಕಿ ಬರೆದಿಡುವುದು. ಊರಿನ ಜಾತ್ರೆಯ ಸ್ಮರಣ ಸಂಚಿಕೆಗೋ, ಶಾಲೆಯ ವಾರ್ಷಿಕ ಸಂಚಿಕೆಗೋ, ಒಂದು ಪತ್ರಿಕೆಗೋ ಅದನ್ನು ಕಳಿಸಿ. ಅಚ್ಚಾದ ಮೇಲೆ ಅದನ್ನು ಹುಡುಕಿ ಬರುವವರು ಇದ್ದೇ ಇರುತ್ತಾರೆ. ವಿಜಯಪುರದಲ್ಲಿ 2003ರಲ್ಲೇ ಹೆಣ್ಣುಮಕ್ಕಳಿಗೆಂದು ವಿಶ್ವವಿದ್ಯಾಲಯ ಬಂದಿದೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಅಲ್ಲಿಯೂ ಅದರ ಕಾಲೇಜುಗಳಲ್ಲಿಯೂ ಓದುವ ನಮ್ಮ ಮಕ್ಕಳು ಒಬ್ಬೊಬ್ಬರು ಒಂದೊಂದು ಊರು ಹಿಡಿದರೆ ಸಾಕು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ.

ಗುರುಗಳಿಗೂ ಒಂದು ವಿನಂತಿ

ಈಗ ಅಂಕದ ಮಾತು. ಮಗಳ ಎರಡನೆಯ ಬರಹ ಹನ್ನೆರಡೇ ಸಾಲು, ಐದು ಆಧಾರ. ಅದು ಉಳಿಯಿತು, ಇಂದಿಗೂ ಇದೆ. ಅವಳಿಗೆ ಬಂದದ್ದು ಹತ್ತಕ್ಕೆ ಆರು. ನಾಲ್ಕು ಪುಟ ಎತ್ತಿ ಹಾಕಿದ ಗೆಳತಿಗೆ ಒಂಬತ್ತು! ಬರಹದ ಉದ್ದ ನೋಡಿ ಅಂಕ ಹಾಕಿದ್ದರು. ಗೆಳತಿಯ ಪುಟ ಮರುವಾರವೇ ಅಳಿಸಿ ಹೋಯಿತು. ಅಂಕ ಮಾತ್ರ ಉಳಿಯಿತು.

ನನಗೆ ಹೊಟ್ಟೆ ಉರಿಯಿತೆಂದು ಹೇಳಲು ಸಂಕೋಚವಿಲ್ಲ. ಆದ್ದರಿಂದ ಓದುಗರಲ್ಲಿ ಅಧ್ಯಾಪಕಿಯರು ಇದ್ದರೆ ಒಂದು ವಿನಂತಿ. ದಯವಿಟ್ಟು ಸಾಲು ಎಣಿಸಬೇಡಿ, ಆಧಾರ ಎಣಿಸಿ. ಒಂದು ತಪ್ಪು ತಾರೀಖು ತಿದ್ದಿದವರಿಗೂ ಅಂಕ ಕೊಡಿ. ಒಂದು ದಿನ ಕೂಡಿಸಿಕೊಂಡು ನಕಲೆಂದರೇನೆಂದು ಕಲಿಸಿ. ನೀವೂ ಒಂದು ಪುಟ ಬರೆದು ನೋಡಿ, ಆಮೇಲೆ ಮಕ್ಕಳಿಗೆ ಹೇಳಿ. ತಿದ್ದಲು ಸಮಯ ಕೊಡಿ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಒಬ್ಬರು ಓದುತ್ತಾರೆ, ವರ್ಷ ಕಳೆದರೆ ಅದು ರದ್ದಿ. ಈ ಬರಹವನ್ನು ಊರೆಲ್ಲ ಓದುತ್ತದೆ.

ಊರೆಲ್ಲ ಓದುತ್ತದೆ ಎಂದೆನಲ್ಲ, ಅದೂ ಒಂದು ಕಥೆ. ಹೋದ ದೀಪಾವಳಿಗೆ ಸಿಂದಗಿಯಿಂದ ಅಕ್ಕ ಬಂದಿದ್ದಳು. ಅವಳ ಮಗ ಒಂಬತ್ತನೆಯ ಇಯತ್ತೆ. ಶಾಲೆಯಲ್ಲಿ ಕೃಷ್ಣಾ ನದಿಯ ಬಗ್ಗೆ ಮಾತಾಡಲು ಹೇಳಿದ್ದರಂತೆ. ಮೊಬೈಲಿನಲ್ಲಿ ನೋಡಿ ಬರೆದುಕೊಂಡ ಹಾಳೆಯನ್ನು ನಮ್ಮ ಪಡಸಾಲೆಯಲ್ಲಿ ನಿಂತು ಜೋರಾಗಿ ಓದಿದ. ಮುಳುಗಡೆಯಾದ ಊರುಗಳ ಹೆಸರು ಬಂದವು. ನಡುವೆ ಆಯಿಯ ತವರೂರಿನ ಹೆಸರೂ ಬಂತು. ಬರೆದವಳು ಎದುರಿಗೇ ಶಂಕರಪೋಳಿ ತಿನ್ನುತ್ತ ಕೂತಿದ್ದಾಳೆಂದು ಆ ಹುಡುಗನಿಗೆ ಗೊತ್ತೇ ಇರಲಿಲ್ಲ!

ಅತ್ತೆಯವರು ಅವನನ್ನು ಹತ್ತಿರ ಕರೆದು, “ಮತ್ತೊಮ್ಮೆ ಓದೋ ತಮ್ಮಾ” ಎಂದರು. ಅವನು ಮತ್ತೊಮ್ಮೆ ಓದಿದ.

ಹತ್ತಕ್ಕೆ ಆರು ಬಂತೆಂಬ ನನ್ನ ಸಿಟ್ಟು ಅಂದೇ ಹೋಯಿತು. ನೋಟುಬುಕ್ಕಿನಲ್ಲಿ ಗುಡಿ, ಬಾವಿ, ಹಾಡು ಇನ್ನೂ ಹಾಗೆಯೇ ಕಾಯುತ್ತಿವೆ. ಮೊದಲು ಅವನ್ನು ಅಚ್ಚಿಗೆ ತರಬೇಕು. ಆ ಕೆಲಸ ಮಗಳದಲ್ಲ, ನನ್ನದು ಎಂದುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿಯೂ ಒಬ್ಬ ಆಯಿ ಇದ್ದರೆ ಇಂದು ಸಂಜೆಯೇ ಪೆನ್ನು, ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂಡಿರಿ. ನಾಳೆ ಎನ್ನಬೇಡಿ.